ಅಮೀರಬಾಯಿ ಹಾಡು ಹಚ್ಚಿ ಕಲಿತ ಒಂಬತ್ತು ಪಾಠ

ವಿಜಯಪುರದ ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇದೆ. ಅದರೊಳಗೆ ಗ್ರಾಮಫೋನಿನ ಹಳೆಯ ಪ್ಲೇಟುಗಳನ್ನು ನಿಲ್ಲಿಸಿ ಇಟ್ಟಿದ್ದೇನೆ. ಒಟ್ಟು 64 ಇವೆ, ಅವುಗಳಲ್ಲಿ 11 ಕೆಟ್ಟವು. ಕೆಟ್ಟವನ್ನು ಎಸೆದುಬಿಡು ಎಂದು ಮನೆಯಾಕೆ ಎಷ್ಟೋ ಸಲ ಹೇಳಿದ್ದಾಳೆ, ನನಗೆ ಮನಸ್ಸು ಬಂದಿಲ್ಲ. ಒಂದೊಂದು ಒಡಕಿನ ಹಿಂದೆಯೂ ನಾನು ಮಾಡಿದ ಒಂದು ತಪ್ಪಿದೆ. ಇವತ್ತು ನನಗೆ ಗೊತ್ತಿರುವ ಅಷ್ಟಿಷ್ಟನ್ನೂ ಆ ತಪ್ಪುಗಳೇ ಕಲಿಸಿದವು.

18 ವರ್ಷಗಳಿಂದ ನಾನು ಊರೂರಿಗೆ ಹೋಗಿ ಅಮೀರಬಾಯಿ ಕರ್ನಾಟಕಿಯವರ ಹಾಡು ಹಚ್ಚಿ ಜನರಿಗೆ ಕೇಳಿಸುತ್ತಿದ್ದೇನೆ. ವಿಜಯಪುರದ ಓಣಿಗಳಲ್ಲಿ, ತಿಕೋಟಾದ ದ್ರಾಕ್ಷಿ ಶೆಡ್ಡುಗಳಲ್ಲಿ, ಬಬಲೇಶ್ವರದ ಕಟ್ಟೆಗಳ ಮೇಲೆ. ನಾನು ಹಾಡುಗಾರನಲ್ಲ, ಸಂಗೀತದ ಪಂಡಿತನೂ ಅಲ್ಲ. ಅಮೀರಬಾಯಿ ಬೀಳಗಿಯವರು. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ, ಅವರ ಕಾಲಕ್ಕೆ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಕಂಪನಿ ನಾಟಕದಿಂದ ಮುಂಬಯಿ ಸಿನೆಮಾಕ್ಕೆ ಹೋದರು. 1940ರ ದಶಕದಲ್ಲಿ ಇಡೀ ದೇಶ ಅವರ ಹಾಡು ಕೇಳಿತು, ‘ಕನ್ನಡ ಕೋಕಿಲ’ ಎಂದು ಕರೆಸಿಕೊಂಡರು. 1965ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ನಮ್ಮ ಬಿಜಾಪುರ, ಈಗಿನ ವಿಜಯಪುರದಲ್ಲಿಯೇ. ಅವರ ದನಿಯನ್ನು ಅವರ ನೆಲದಲ್ಲಿ ಮತ್ತೆ ಕೇಳಿಸಬೇಕೆಂದು ಹೊರಟು ನಾನು ಎಡವಿದ ಜಾಗಗಳನ್ನು ಇಲ್ಲಿ ಬರೆದಿದ್ದೇನೆ. ಮುಂದೆ ಈ ಕೆಲಸಕ್ಕೆ ಕೈಹಾಕುವವರು ಅಲ್ಲೇ ಎಡವದಿರಲಿ ಎಂಬುದು ಆಸೆ.

1. ಒರೆಸುವ ಮೊದಲು ಅದು ಯಾವುದರಿಂದ ಆಗಿದೆ ಎಂದು ತಿಳಿದುಕೊಳ್ಳಿ.

ನನಗೆ ಸಿಕ್ಕ ಮೊದಲ ಪ್ಲೇಟು ಮೋಡ್ಕಾ ಅಂಗಡಿಯದು. ತಗಡು, ಮುರಿದ ಸೈಕಲ್ಲುಗಳ ನಡುವೆ ಧೂಳು ತಿನ್ನುತ್ತಾ ಬಿದ್ದಿತ್ತು. ಮನೆಗೆ ತಂದು, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮನಸ್ಸಿಟ್ಟು ಒರೆಸಿದೆ. ಹತ್ತಿ ಕಪ್ಪಾಯಿತು. ಎಷ್ಟೊಂದು ಹೊಲಸು ಬರುತ್ತಿದೆ ಎಂದುಕೊಂಡು ಮತ್ತಷ್ಟು ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಹೊಳಪೆಲ್ಲ ಹೋಗಿ ಬೂದಿ ಬಳಿದಂತೆ ಆಗಿತ್ತು. ಮುಳ್ಳು ಇಟ್ಟರೆ ಬರೀ ಸರಸರ ಸಪ್ಪಳ. ಬಾಗಿಲು ಮಾಡುವ ನಮ್ಮ ಓಣಿಯ ಬಡಿಗೇರರು ಅದನ್ನು ಕೈಯಲ್ಲಿ ಹಿಡಿದು, “ಸರ, ಇದು ಅರಗ ಐತ್ರಿ. ಪಾಲಿಶ್ ಮಾಡಾಕ ನಾವು ಅರಗನ್ನ ಸ್ಪಿರಿಟ್ನಾಗ ಕರಗಸ್ತೇವಿ. ನೀವು ಹಾಡನ್ನ ಕರಗಿಸಿಬಿಟ್ಟೀರಿ ನೋಡ್ರಿ” ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಆ ಕಾಲದ ಪ್ಲೇಟುಗಳು ಅರಗಿನ ಜೊತೆ ಕಲ್ಲಿನ ಪುಡಿ ಕಲಸಿ ಒತ್ತಿದಂಥವು. ಈಗ ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಮೆತ್ತನೆಯ ಸೋಪು ಹಾಕುತ್ತೇನೆ. ನಡುವಿನ ಲೇಬಲ್ ತೊಯ್ಯದಂತೆ ಅಂಗೈ ಮುಚ್ಚಿಕೊಂಡು, ಗೆರೆ ಹೋದ ದಿಕ್ಕಿಗೇ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ.

2. ವೇಗ ತಪ್ಪಿದರೆ ದನಿಯೇ ಬೇರೆಯಾಗುತ್ತದೆ.

ಬಬಲೇಶ್ವರದಲ್ಲಿ ನನ್ನ ಮೊದಲ ಕಾರ್ಯಕ್ರಮ. ಕೀಲಿ ಕೊಡುವ ಗ್ರಾಮಫೋನು ಒಯ್ದಿದ್ದೆ. ಹಾಡು ಮುಗಿದ ಮೇಲೆ, “ನೋಡಿ, ಎಂಥ ತುಂಬು ದನಿ, ಕಂಪನಿ ನಾಟಕದಲ್ಲಿ ಪಳಗಿದ ಎದೆ” ಎಂದೆಲ್ಲ ಹತ್ತು ನಿಮಿಷ ಹೇಳಿದೆ. ಹಿಂದೆ ಕೂತಿದ್ದ ಹಿರಿಯ ಪೇಟಿ ಮಾಸ್ತರರು ಎಲ್ಲ ಮುಗಿಯುವವರೆಗೆ ಕಾದು ಹತ್ತಿರ ಬಂದರು. “ಹಾಡು ಸುರು ಆದಾಗ ಕಪ್ಪು ಎರಡರಾಗ ಇತ್ತು, ಮುಗಿಯೂದ್ರಾಗ ಬಿಳಿ ಎರಡಕ್ಕ ಬಂತು. ಬಾಯಿ ಸುರ ಬಿಡೋರಲ್ಲ. ನಿಮ್ಮ ಪೆಟ್ಟಿಗಿ ಸ್ಪ್ರಿಂಗ್ ಬಿಟ್ಟೈತಿ” ಅಂದರು. ನಾನು ಹೊಗಳಿದ್ದು ಅಮೀರಬಾಯಿಯ ದನಿಯನ್ನಲ್ಲ, ಸಡಿಲಾದ ಸ್ಪ್ರಿಂಗನ್ನು! ಈ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗಬೇಕು. 74ರ ಹತ್ತಿರಕ್ಕೆ ಇಳಿದರೆ ಹಾಡು ಸುಮಾರು ಅರ್ಧ ಸ್ವರ ಕೆಳಗಿಳಿಯುತ್ತದೆ, ಎಳೆಯ ದನಿ ವಯಸ್ಸಾದವರ ದನಿಯಂತೆ ಕೇಳುತ್ತದೆ. ಈಗ ಪ್ರತಿ ಮಗ್ಗುಲಿಗೂ ಪೂರ್ತಿ ಕೀಲಿ ಕೊಡುತ್ತೇನೆ. ಕಾರ್ಯಕ್ರಮಕ್ಕೆ ಮುಂಚೆ ಪ್ಲೇಟಿನ ಅಂಚಿಗೆ ಒಂದು ಚೀಟಿ ಸಿಕ್ಕಿಸಿ, ಗಡಿಯಾರ ಹಿಡಿದು ಎಣಿಸುತ್ತೇನೆ. 30 ಸೆಕೆಂಡಿಗೆ 39 ಸುತ್ತು ಬಂದರೆ ಸರಿ.

3. ಒಂದು ಮುಳ್ಳಿಗೆ ಒಂದೇ ಮಗ್ಗುಲು.

ಉಕ್ಕಿನ ಮುಳ್ಳು ನಾಲ್ಕು ದುಡ್ಡಿನ ಸಾಮಾನು. ಆದರೂ ಉಳಿಸಲು ಹೋಗಿ ಒಂದೇ ಮುಳ್ಳಿನಲ್ಲಿ ಹತ್ತು ಮಗ್ಗುಲು ಹಚ್ಚಿದೆ. ತಿರುಗುವಾಗ ಕಲ್ಲಿನ ಪುಡಿ ಮುಳ್ಳಿನ ತುದಿಯನ್ನು ಸವೆಸುತ್ತದೆ, ಸವೆದ ತುದಿಗೆ ಅಂಚು ಬಂದು ಅದು ಉಳಿಯಂತೆ ಗೆರೆಯನ್ನು ಕೆತ್ತುತ್ತದೆ. 1944ರ ‘ರತನ್’ ಚಿತ್ರದ ನನ್ನ ಪ್ಲೇಟಿನಲ್ಲಿ ದನಿ ಏರುವ ಕಡೆಯೆಲ್ಲ ಬೆಳ್ಳಗೆ ಗೀರು ಬಿದ್ದಿವೆ, ಅಲ್ಲಿ ಈಗ ಹಾಡಿಗಿಂತ ಗೀರಿನ ಸಪ್ಪಳವೇ ಜಾಸ್ತಿ. ಮುಂದೆ ಬಂದ ಲಾಂಗ್‌ಪ್ಲೇ ತಟ್ಟೆಗಳ ಸಣ್ಣ ಮುಳ್ಳೂ ಇವಕ್ಕೆ ಹೊಂದುವುದಿಲ್ಲ. ಇವುಗಳ ಗೆರೆ ಅಗಲ, ಸಣ್ಣ ಮುಳ್ಳು ತಳದ ಕಸದಲ್ಲಿ ಉರುಳಾಡುತ್ತದೆ.

4. ಹೆಸರು ಹೇಳುವ ಮುನ್ನ ಲೇಬಲನ್ನು ಪೂರ್ತಿ ಓದಿ, ಓದಿದ ಮೇಲೂ ವಿಚಾರಿಸಿ.

ಈ ತಪ್ಪು ಒಂದೇ ಸಲದ್ದಲ್ಲ. 1943ರ ‘ಕಿಸ್ಮತ್’ನಲ್ಲಿ ಪಪೀಹಾ ಹಕ್ಕಿಯನ್ನು ಕರೆಯುವ ಒಂದು ಹಾಡಿದೆ. ಅದು ಅಮೀರಬಾಯಿಯದೆಂದೇ ವರ್ಷಗಟ್ಟಲೆ ಹೇಳಿದೆ. ಹಾಡಿದವರು ಪಾರುಲ್ ಘೋಷ್, ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸರ ತಂಗಿ, ಕೊಳಲಿನ ಪನ್ನಾಲಾಲ್ ಘೋಷರ ಹೆಂಡತಿ. ನೌಷಾದ್ ಸಂಗೀತದ ‘ರತನ್’ನಲ್ಲಿ ಎರಡು ಹಾಡುಗಳ ಪಲ್ಲವಿಯಲ್ಲೂ ‘ಅಖಿಯಾಂ’ ಎಂಬ ಮಾತು ಬರುತ್ತದೆ. ಒಂದನ್ನು ಹಾಡಿದವರು ಅಮೀರಬಾಯಿ, ಇನ್ನೊಂದನ್ನು ಜೋಹ್ರಾಬಾಯಿ ಅಂಬಾಲೆವಾಲಿ. ಎರಡನ್ನೂ ನಾನು ನಮ್ಮ ಅಮೀರಬಾಯಿಯ ಖಾತೆಗೇ ಬರೆದಿದ್ದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಮನೆಯೊಳಗಿನದೇ. ಒಂದು ಪ್ಲೇಟಿನ ಮೇಲೆ ‘ಕರ್ನಾಟಕಿ’ ಎಂದು ಕಂಡದ್ದೇ ತಡ, ಅಮೀರಬಾಯಿ ಎಂದು ಸಾರಿಬಿಟ್ಟೆ. ಅದರ ಮೇಲೆ ಇದ್ದದ್ದು ಅವರ ಅಕ್ಕ ಗೋಹರಬಾಯಿ ಕರ್ನಾಟಕಿಯ ಹೆಸರು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಂತ ದೊಡ್ಡ ಕಲಾವಿದೆ ಅವರು. ಅಮೀರಬಾಯಿಯನ್ನು ಗೌರವಿಸಲು ಹೋಗಿ ಅವರ ಒಡಹುಟ್ಟಿದವರನ್ನೇ ಮರೆಸಿಬಿಟ್ಟಿದ್ದೆ. ಲೇಬಲ್ ಓದಿದರಷ್ಟೇ ಸಾಲದು ಎಂಬುದೂ ಆಮೇಲೆ ತಿಳಿಯಿತು. ಆ ಕಾಲದ ಕೆಲವು ಸಿನೆಮಾ ಪ್ಲೇಟುಗಳ ಮೇಲೆ ಹಾಡಿದವರ ಬದಲು ಪಾತ್ರದ ಹೆಸರು ಹಾಕುತ್ತಿದ್ದರು. 1949ರ ‘ಮಹಲ್’ನ ಹೆಸರಾಂತ ಹಾಡಿನ ಪ್ಲೇಟಿನ ಮೇಲೆ ಲತಾ ಎಂದು ಇರಲಿಲ್ಲ, ‘ಕಾಮಿನಿ’ ಎಂದಿತ್ತು. ರಹಮತ್ ತರೀಕೆರೆಯವರು ಅಮೀರಬಾಯಿ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕವನ್ನು ನಾನು ಮೊದಲೇ ಓದಬೇಕಾಗಿತ್ತು. ಊರೂರು ತಿರುಗಿದ ಮೇಲೆ ಓದಿದೆ. ತಪ್ಪು ಹೇಳಿದ ಊರುಗಳಿಗೆ ಮತ್ತೆ ಹೋದಾಗಲೆಲ್ಲ, “ಹೋದ ಸಲ ತಪ್ಪು ಹೇಳಿದ್ದೆ, ಈ ಹಾಡು ಹಾಡಿದವರು ಇವರು” ಎಂದೇ ಸುರು ಮಾಡುತ್ತೇನೆ. ಹಾಗೆ ಹೇಳಿದ್ದಕ್ಕೆ ಯಾರೂ ನನ್ನನ್ನು ಕೀಳಾಗಿ ನೋಡಿಲ್ಲ.

5. ಬಿಸಿಲನ್ನು ಲೆಕ್ಕಕ್ಕೆ ಹಿಡಿಯದೆ ಮನೆ ಬಿಡಬೇಡಿ.

ಮಾರ್ಚ್ ತಿಂಗಳು, ತಿಕೋಟಾ ಕಡೆ ದ್ರಾಕ್ಷಿ ಒಣಗಿಸುವ ಹಂಗಾಮು. ಒಂದು ಶೆಡ್ಡಿನಲ್ಲಿ ಕೆಲಸ ಮುಗಿದ ಮೇಲೆ ಹಾಡು ಕೇಳಿಸಬೇಕೆಂದು ಕರೆದಿದ್ದರು. ಮಧ್ಯಾಹ್ನವೇ ಜೀಪು ಹತ್ತಿದೆವು. ಹಿಂದಿನ ಸೀಟಿನ ಮೇಲೆ 20 ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಿದ್ದೆ. ದಾರಿಯಲ್ಲಿ ತೊರವಿ ಬಂತು. ಜೊತೆಗಿದ್ದ ಹುಡುಗರಿಗೆ ಸಂಗೀತ ಮಹಲ್ ತೋರಿಸೋಣ ಅನ್ನಿಸಿತು. ‘ಕಿತಾಬ್-ಎ-ನವರಸ್’ ಬರೆದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸಂಗೀತದ ಮೇಲಿನ ಪ್ರೀತಿಗೆ ನವರಸಪುರವೆಂಬ ಊರನ್ನೇ ಕಟ್ಟಲು ಹೊರಟ ಜಾಗ ಅದು. ಬಿದ್ದ ಗೋಡೆಗಳ ನಡುವೆ ನಿಂತು, 400 ವರ್ಷಗಳಿಂದ ಈ ಸೀಮೆಯ ಗಾಳಿಯಲ್ಲಿ ಹಾಡು ಇದೆ ಎಂದು ಹೇಳುತ್ತಾ ಮೈಮರೆತೆ. ಒಂದು ತಾಸು ಹೋಯಿತು. ಅಷ್ಟೂ ಹೊತ್ತು ಜೀಪು ಬಿಸಿಲಲ್ಲಿ ನಿಂತಿತ್ತು.

ತಿಕೋಟಾದಲ್ಲಿ ಇಳಿಸಿ ನೋಡಿದರೆ ಮೇಲಿನ ನಾಲ್ಕು ಪ್ಲೇಟು ಹಪ್ಪಳದಂತೆ ಡೊಂಕಾಗಿದ್ದವು. ತಳದ ಎರಡು ಭಾರಕ್ಕೆ ಸೀಳಿದ್ದವು. ಅರಗು ಬಿಸಿಲಿಗೆ ಮೆತ್ತಗಾಗುತ್ತದೆ ಎಂದು ಬಡಿಗೇರರ ಮಾತು ಕೇಳಿದಾಗಲೇ ಹೊಳೆಯಬೇಕಾಗಿತ್ತು. ಅದೇ ಶೆಡ್ಡಿನಲ್ಲಿ ಹಸಿರು ಪರದೆ ಇಳಿಬಿಟ್ಟು, ಬಿಸಿಲು ನೇರ ಬೀಳದಂತೆ ಕಾದು, ಜಾಳಿಗೆಯ ಮೇಲೆ ದ್ರಾಕ್ಷಿಯನ್ನು ಎಷ್ಟು ನಾಜೂಕಾಗಿ ಒಣಗಿಸುತ್ತಿದ್ದರು! ಅವರು ತಮ್ಮ ಮಾಲನ್ನು ಕಾಯುವಷ್ಟು ಕಾಳಜಿಯಿಂದ ನಾನು ನನ್ನ ಹಾಡುಗಳನ್ನು ಕಾಯ್ದಿರಲಿಲ್ಲ. ಈಗ ಪ್ಲೇಟುಗಳನ್ನು ನಿಲ್ಲಿಸಿಯೇ ಒಯ್ಯುತ್ತೇನೆ, ನಡುನಡುವೆ ರಟ್ಟು ಇಟ್ಟು, ಹೊತ್ತು ಇಳಿದ ಮೇಲೆಯೇ ಹೊರಡುತ್ತೇನೆ.

6. ಕೇಳಲು ಬಂದವರನ್ನು ಕೇಳಲು ಬಿಡಿ.

ಅದೇ ಸಂಜೆ ಉಳಿದ 14 ಪ್ಲೇಟು ಇಟ್ಟುಕೊಂಡು ಕಾರ್ಯಕ್ರಮ ಸುರು ಮಾಡಿದೆ. ಆದದ್ದಕ್ಕೆಲ್ಲ ಮಾತಿನಲ್ಲೇ ಸರಿದೂಗಿಸಬೇಕು ಎನ್ನುವಂತೆ ಮಾತು ಹಚ್ಚಿಕೊಂಡೆ. ‘ಕಿಸ್ಮತ್’ ಬಾಂಬೆ ಟಾಕೀಸ್‌ನ ಚಿತ್ರ, ನಿರ್ದೇಶಕ ಗ್ಯಾನ್ ಮುಖರ್ಜಿ, ಕಲ್ಕತ್ತೆಯ ರಾಕ್ಸಿಯಲ್ಲಿ 3 ವರ್ಷಕ್ಕೂ ಹೆಚ್ಚು ಓಡಿತು. ಕವಿ ಪ್ರದೀಪ್ ಅದರಲ್ಲಿ ಪರದೇಶದವರಿಗೆ ದೂರ ಹೋಗಿ ಎನ್ನುವ ಹಾಡು ಬರೆದರು, ಜರ್ಮನಿ ಜಪಾನಿನ ಹೆಸರಿದ್ದದ್ದರಿಂದ ಬ್ರಿಟಿಷರ ಸೆನ್ಸಾರ್ ಬಿಟ್ಟಿತು, ಜನಕ್ಕೆ ಮಾತ್ರ ಅದು ಯಾರಿಗೆ ಹೇಳಿದ್ದೆಂದು ತಿಳಿಯಿತು, ಖಾನ್ ಮಸ್ತಾನಾ ಜೊತೆ ಅದನ್ನು ಹಾಡಿದವರು ಅಮೀರಬಾಯಿ. ಎಲ್ಲವೂ ಖರೆ, ಎಲ್ಲವೂ ಹೇಳಬೇಕಾದದ್ದೇ. ಆದರೆ 45 ನಿಮಿಷವಾದರೂ ಒಂದು ಹಾಡೂ ಹಚ್ಚಿರಲಿಲ್ಲ. ಕೂತವರೆಲ್ಲ ನಸುಕಿಗೆ ಎದ್ದು ಕೆಲಸಕ್ಕೆ ಬಂದ ಹೆಣ್ಣುಮಕ್ಕಳು. ಕಡೆಗೆ ಒಬ್ಬ ಆಯಿ ಅಂದಳು: “ಯಪ್ಪಾ, ಮೊದಲ ಹಾಡ ಹಚ್ಚು. ಛಲೋ ಅನಿಸಿದ್ರ ನಾವ ಕೇಳ್ತೀವಿ, ಯಾರಕಿ ಅಂತ.”

ಹಚ್ಚಿದೆ. ಮೂರು ನಿಮಿಷದ ಹಾಡು ಮುಗಿಯಿತು, ಶೆಡ್ಡಿನಲ್ಲಿ ಪರದೆ ಪಟಪಟ ಅನ್ನುವುದು ಬಿಟ್ಟರೆ ಸಪ್ಪಳವಿಲ್ಲ. ಆಮೇಲೆ ಆಯಿಯೇ ಕೇಳಿದಳು, “ಯಾರಕಿ ಈಕಿ? ಎಲ್ಲಿಯಾಕಿ?” ಬೀಳಗಿಯವರು ಎಂದೆ. “ಅಯ್ಯ, ನಮ್ಮ ಬೀಳಗಿಯಾಕಿ!” ಅಂದಳು. ನನ್ನ 45 ನಿಮಿಷದಲ್ಲಿ ಆಗದ್ದು ಆ ಒಂದು ಮಾತಿನಲ್ಲಿ ಆಯಿತು. ಅಂದಿನಿಂದ ಹಾಡು ಮೊದಲು, ಯಾರಾದರೂ ಕೇಳಿದ ಮೇಲೆ ಮಾತು.

7. ಕಣ್ಣೀರಿನ ಕಥೆಯನ್ನಷ್ಟೇ ಹೇಳಬೇಡಿ.

ವಿಜಯಪುರದ ಒಂದು ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಹೇಳುವುದಕ್ಕೆ ಒಂದು ಧಾಟಿ ಮಾಡಿಕೊಂಡಿದ್ದೆ. ಸಣ್ಣ ಊರಿನಿಂದ ಬಂದರು, ಮೇಲೇರಿದರು, ಮದುವೆಯಲ್ಲಿ ನೊಂದರು, 1949ರ ಹೊತ್ತಿಗೆ ಲತಾ ಬಂದ ಮೇಲೆ ಹಾಡು ಕಡಿಮೆಯಾಯಿತು, ಸಣ್ಣಪುಟ್ಟ ಪಾತ್ರ ಮಾಡುತ್ತಾ ಮರೆಯಾದರು. ಹುಡುಗಿಯರ ಕಣ್ಣು ಒದ್ದೆಯಾದವು, ನಾನು ಚೆನ್ನಾಗಿ ಹೇಳಿದೆ ಎಂದುಕೊಂಡೆ. ಆಗ ಒಬ್ಬಾಕೆ ಎದ್ದು ನಿಂತು, “ಸರ್, ಅವರು ಸೋತ್ರು ಅಂತ ಹೇಳಾತೀರಿ. ಅವರ ಹೆಸರಿಂದು ಅಮೀರ್ ಟಾಕೀಸು ನಮ್ಮೂರಾಗ ಐತೆಲ್ರೀ? ನಮ್ಮಜ್ಜಿ ಅಲ್ಲೇ ಸಿನೆಮಾ ನೋಡ್ತಿದ್ದಳು” ಅಂದಳು.

ನನಗೆ ಮಾತು ಹೊರಡಲಿಲ್ಲ. ಮೊದಲ ಮದುವೆ ಅವರಿಗೆ ಸುಖ ಕೊಡಲಿಲ್ಲ, ಖರೆ. ಆದರೆ ಅದರಿಂದ ಹೊರಬಂದು ಮತ್ತೆ ಬಾಳು ಕಟ್ಟಿಕೊಂಡವರೂ ಅವರೇ. ‘ನರಸಿ ಭಗತ್’ನಲ್ಲಿ ನಟಿಸಿ ಹಾಡಿದರು. ಗುಜರಾತಿಯಲ್ಲಿ ‘ರಾಣಕದೇವಿ’ಗೆ ಹಾಡಿದರು. 1948ರ ‘ಶೆಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕರಾದರು. ಆ ಕಾಲಕ್ಕೆ ಹಿಂದಿ ಚಿತ್ರಗಳಿಗೆ ಸಂಗೀತ ಕೂಡಿಸಿದ ಹೆಣ್ಣುಮಕ್ಕಳೆಂದರೆ ಜದ್ದನಬಾಯಿ, ಸರಸ್ವತಿ ದೇವಿ ಮುಂತಾಗಿ ಬೆರಳೆಣಿಕೆಯವರು. ಇವೆಲ್ಲ ನನಗೆ ಗೊತ್ತಿದ್ದವು. ಗೊತ್ತಿದ್ದೂ ಬಿಟ್ಟಿದ್ದೆ, ಅತ್ತರೆ ಜನ ನೆನಪಿಡುತ್ತಾರೆ ಎಂದು. ಆ ಹುಡುಗಿ ನೆನಪಿಟ್ಟದ್ದು ಟಾಕೀಸನ್ನು.

8. ಹೋಲಿಕೆಗೆ ಹೆದರಬೇಡಿ, ಕೇಳಿ ನೋಡಿ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಜಾಝ್ ಸಂಗೀತದ ಹುಚ್ಚು. ದೀಪಾವಳಿಗೆ ಬಂದಾಗ, “ಮಾಮಾ, ನಿಮ್ಮ ಅಮೀರಬಾಯಿ ಕೇಳಿದ್ರೆ ನಂಗೆ ಬಿಲ್ಲಿ ಹಾಲಿಡೇ ನೆನಪಾಗ್ತಾಳೆ” ಅಂದ. ನಾನು ಸಿಟ್ಟಿಗೆದ್ದು, ಎಲ್ಲಿಯ ಅಮೆರಿಕ ಎಲ್ಲಿಯ ಬೀಳಗಿ ಎಂದು ಬಾಯಿ ಮುಚ್ಚಿಸಿದೆ. ಮರುವರ್ಷದ ತನಕ ಅವನು ಆ ಮಾತೇ ಎತ್ತಲಿಲ್ಲ. ಕಡೆಗೆ ನಾನೇ ಕೇಳಿ ಹಚ್ಚಿಸಿಕೊಂಡೆ.

ಹಾಲಿಡೇ ಹುಟ್ಟಿದ್ದು 1915ರಲ್ಲಿ, ತೀರಿಕೊಂಡದ್ದು 1959ರಲ್ಲಿ. ಅವಳಿಗಿಂತ ಹಿಂದಿನ ಬೆಸ್ಸಿ ಸ್ಮಿತ್ ಡೇರೆಗಳಲ್ಲಿ, ಮೈಕಿಲ್ಲದೆ, ಕೊನೆಯ ಸಾಲಿಗೂ ಮುಟ್ಟುವಂತೆ ಹಾಡಿ ಬೆಳೆದವಳು. ನಮ್ಮ ಕಂಪನಿ ನಾಟಕದವರ ಹಾಗೆಯೇ. 1925ರ ಸುಮಾರಿಗೆ ರೆಕಾರ್ಡಿಂಗಿಗೆ ವಿದ್ಯುತ್ ಮೈಕು ಬಂತು, ಆಮೇಲೆ ಕೂಗದೆಯೂ ಹಾಡಬಹುದಾಯಿತು. ಹಾಲಿಡೇ ಮೈಕಿನ ಕಿವಿಯಲ್ಲಿ ಹೇಳುವಂತೆ, ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ನಿಂತು ಹಾಡುತ್ತಾಳೆ. ಅದನ್ನು ಕೇಳಿಸಿಕೊಂಡ ಮೇಲೆ ನಾನು ‘ಕಿಸ್ಮತ್’ನ ಎರಡು ಹಾಡುಗಳನ್ನು ಮತ್ತೆ ಹಚ್ಚಿದೆ. ಪ್ರದೀಪರ ದೇಶದ ಹಾಡಿನಲ್ಲಿ ಅಮೀರಬಾಯಿ ನಾಟಕದ ಮಂಟಪದಲ್ಲಿ ನಿಂತಂತೆ ಗಂಟಲು ಬಿಚ್ಚುತ್ತಾರೆ. ಮೋಡಕ್ಕೆ ಮೆಲ್ಲಗೆ ಬಾ ಎನ್ನುವ ಜೋಗುಳದಲ್ಲಿ ಅದೇ ದನಿ ತೊಟ್ಟಿಲ ಪಕ್ಕಕ್ಕೆ ಬಂದು ಕೂಡುತ್ತದೆ, ಉಸಿರೂ ಕೇಳುತ್ತದೆ. ಒಂದೇ ಚಿತ್ರ, ಒಬ್ಬರೇ ಗಾಯಕಿ, ಎರಡು ಕಾಲದ ಹಾಡುಗಾರಿಕೆ. ಹತ್ತು ವರ್ಷ ಕೇಳಿದ್ದರೂ ಈ ವ್ಯತ್ಯಾಸ ನನ್ನ ಕಿವಿಗೆ ಬಿದ್ದಿರಲಿಲ್ಲ. ಅದನ್ನು ನನಗೆ ಕೇಳಿಸಿದ್ದು ದೂರದ ಆ ಹೆಣ್ಣುಮಗಳು, ಮತ್ತು ನಾನು ಗದರಿಸಿದ ಆ ಹುಡುಗ.

9. ನಾಳೆ ಬರೆದುಕೊಳ್ಳುತ್ತೇನೆ ಎನ್ನಬೇಡಿ.

ಇದನ್ನು ಬರೆಯಲು ಎಲ್ಲಕ್ಕಿಂತ ಕಷ್ಟ. ಬಬಲೇಶ್ವರದಲ್ಲಿ ಒಂದು ಸಂಜೆ ಕಾರ್ಯಕ್ರಮ ಮುಗಿಸಿ ವೈರು ಸುತ್ತುತ್ತಿದ್ದೆ. ಕೋಲು ಊರಿಕೊಂಡು ಒಬ್ಬ ಅಜ್ಜ ಬಂದ. ಧೋತರ, ತಲೆಗೆ ಪಟಕ. “ತಮ್ಮಾ, ಈ ಬಾಯಿನ್ನ ನಾ ಕಣ್ಣಾರೆ ನೋಡೇನಿ. ಎದುರಿಗೆ ಕುಂತು ಹಾಡು ಕೇಳೇನಿ” ಅಂದ. ಮೈ ಜುಂ ಎಂದಿತು. ಆದರೆ ವಿಜಯಪುರದ ಕಡೆಯ ಬಸ್ಸಿಗೆ ಹೊತ್ತಾಗಿತ್ತು. “ಅಜ್ಜಾರ, ಮುಂದಿನ ವಾರ ಬರ್ತೀನಿ, ಎಲ್ಲಾ ಬರಕೋತೀನಿ” ಅಂದೆ. “ಬಾ, ಎಲ್ಲಾ ನೆನಪೈತಿ” ಅಂದ. ಮುಂದಿನ ವಾರ ಮನೆಯಲ್ಲಿ ಮದುವೆ. ಅದರ ಮುಂದಿನದು ಮತ್ತೇನೋ. ಎರಡು ತಿಂಗಳು ಬಿಟ್ಟು ಹೋದಾಗ ಆ ಮನೆಯ ಮುಂದೆ ಕೋಲು ಗೋಡೆಗೆ ಆನಿಸಿತ್ತು, ಅಜ್ಜ ಇರಲಿಲ್ಲ. ತೀರಿಕೊಂಡು 12 ದಿನವಾಗಿತ್ತು.

ಎಲ್ಲಿ ನೋಡಿದ್ದ, ಯಾವ ಹಾಡು, ಅವರು ಏನು ಮಾತಾಡಿದರು, ಒಂದೂ ನನಗೆ ಸಿಗಲಿಲ್ಲ. ಪ್ಲೇಟು ಒಡೆದರೆ ಅದೇ ಹಾಡಿನ ಇನ್ನೊಂದು ಎಲ್ಲಾದರೂ ಸಿಕ್ಕೀತು. ಆ ಅಜ್ಜನ ನೆನಪಿಗೆ ಇನ್ನೊಂದು ಪ್ರತಿ ಇರಲಿಲ್ಲ. ಅಂದಿನಿಂದ ಜೇಬಿನಲ್ಲಿ ಒಂದು ಸಣ್ಣ ವಹಿ ಇಟ್ಟುಕೊಳ್ಳುತ್ತೇನೆ. ಬಸ್ಸು ತಪ್ಪಿದರೆ ತಪ್ಪಲಿ, ಯಾರ ಮನೆಯ ಪಡಸಾಲೆಯಲ್ಲಾದರೂ ಮಲಗಿ ಬರುತ್ತೇನೆ.

ಕಡೆಯದಾಗಿ ನಿಮ್ಮಲ್ಲಿ ಒಂದು ಕೇಳಿಕೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಹಳೆಯ ಮನೆಗಳ ಅಟ್ಟದಲ್ಲಿ ಈ ಕರಿ ಪ್ಲೇಟುಗಳು ಇನ್ನೂ ಇವೆ. ಮನೆ ಕೆಡವಿ ಕಟ್ಟುವಾಗ, ಸುಣ್ಣ ಬಳಿಯುವಾಗ ಅವು ಮೋಡ್ಕಾಕ್ಕೆ ಹೋಗುತ್ತವೆ. ನಿಮ್ಮಲ್ಲಿದ್ದರೆ ದಯವಿಟ್ಟು ಕೊಟ್ಟುಬಿಡಬೇಡಿ. ಸ್ಪಿರಿಟ್ ಮುಟ್ಟಿಸಬೇಡಿ, ಮಲಗಿಸಬೇಡಿ, ನೆರಳಲ್ಲಿ ನಿಲ್ಲಿಸಿ ಇಡಿ. ಮನೆಯಲ್ಲಿ ಅವನ್ನು ಕೇಳಿದ ಹಿರಿಯರಿದ್ದರೆ ಇವತ್ತೇ ಅವರ ಪಕ್ಕದಲ್ಲಿ ಕೂತು, ಯಾರು ತಂದದ್ದು, ಯಾವಾಗ ಹಚ್ಚುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನೂ, ಹಾಡಿದವರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಆ ಪ್ಲೇಟಿನ ಜೊತೆಗೇ ಇಡಿ.